ಭಾವ ರುಚಿ ನೋಡಿ ತಂದದ್ದು

ಬಿಸ್ಕತ್ತು ಕಾರ್ಖಾನೆಯಲ್ಲಿ ನನ್ನ ಭಾವನನ್ನು ಎಲ್ಲರೂ ‘ನಾಲಿಗೆ’ ಎನ್ನುತ್ತಿದ್ದರು. ‘ನಾಲಿಗೆ ಬಂತಾ?’, ‘ನಾಲಿಗೆ ಇವತ್ತು ರಜ’, ‘ನಾಲಿಗೆ ಒಪ್ಪಿದ ಮೇಲೆ ಪ್ಯಾಕಿಂಗಿಗೆ ಕಳಿಸಿ.’ ಇದು ಗೇಲಿಯಲ್ಲ, ಭಾವನೂ ಹಾಗೆ ತಿಳಿದುಕೊಂಡವರಲ್ಲ. ಒಲೆಯಿಂದ ಇಳಿದ ಬಿಸ್ಕತ್ತು ಊರಿನ ಬಾಯಿಗೆ ಹೋಗುವ ಮೊದಲು ಅವರ ಬಾಯಿಗೆ ಹೋಗಬೇಕಿತ್ತು. ಅವರಿಗೆಂದೇ ಒಂದು ಕೋಣೆ, ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಉಗುರುಬೆಚ್ಚಗಿನ ನೀರಿನ ಲೋಟ, ಕೆಳಗೆ ಉಗುಳುವ ಡಬ್ಬ. ಬಿಸ್ಕತ್ತನ್ನು ಮುರಿದು ಮೊದಲು ಮೂಗಿನ ಹತ್ತಿರ ಹಿಡಿಯಬೇಕು. ಆಮೇಲೆ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಬೇಕು. ನುಂಗುವ ಹಾಗಿಲ್ಲ, ಉಗುಳಿ ಬಾಯಿ ಮುಕ್ಕಳಿಸಬೇಕು. ಕಣ್ಣು ತೆರೆದು ಒಂದೇ ಮಾತು ಹೇಳಬೇಕು. ಎರಡನೆಯ ಮಾತು ಬೇಕಾದವನು ರುಚಿ ನೋಡುವವನೇ ಅಲ್ಲ ಎನ್ನುವುದು ಭಾವನ ಸಿದ್ಧಾಂತ.

ಇಷ್ಟೂ ಕಾರ್ಖಾನೆಯಲ್ಲೇ ಮುಗಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಅವರು ಆ ಮೇಜನ್ನು ಮನೆಗೂ ತಂದರು.

ಅಕ್ಕ ಮದುವೆಯಾಗಿ ಬಂದ ಹೊಸದರಲ್ಲೇ ವಾಸನೆಯ ಸೋಪು ಬಿಟ್ಟಳು. ತಲೆಗೆ ಹಚ್ಚುವ ಎಣ್ಣೆ ಬದಲಾಯಿಸಿದಳು. ಹಸಿ ಈರುಳ್ಳಿ ಎಂದರೆ ಪ್ರಾಣ ಬಿಡುತ್ತಿದ್ದವಳು ಅವಳು. ಚಿಕ್ಕಂದಿನಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಈರುಳ್ಳಿ ಹೋಳಿಗೆ ಉಪ್ಪು ಅದ್ದಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ನಗುತ್ತ ತಿನ್ನುತ್ತಿದ್ದಳು. ನನಗೂ ಬಲವಂತ ಮಾಡುತ್ತಿದ್ದಳು. ಈರುಳ್ಳಿಯ ವಾಸನೆ ಮನೆಯಲ್ಲಿದ್ದರೆ ಮರುದಿನ ಮೇಜಿನ ಮೇಲೆ ನಾಲಿಗೆ ಸುಳ್ಳು ಹೇಳುತ್ತದೆ ಎಂದು ಭಾವ ಹೇಳಿದರು. ಅಲ್ಲಿಗೆ ಆ ಮನೆಯಲ್ಲಿ ಹಸಿ ಈರುಳ್ಳಿಯ ಕತೆ ಮುಗಿಯಿತು. ಯಾರೂ ಜಗಳವಾಡಲಿಲ್ಲ. ಅಕ್ಕನ ಸ್ವಭಾವವೇ ಅಂಥದ್ದು, ಯಾರಾದರೂ ಗಟ್ಟಿಯಾಗಿ ಹೇಳಿದರೆ ಸಾಕು, ತಾನೇ ತಪ್ಪಿದ್ದೇನೆ ಅಂದುಕೊಳ್ಳುತ್ತಾಳೆ.

ಊಟದ ಹೊತ್ತಂತೂ ಪರೀಕ್ಷೆಯೇ. ಅಕ್ಕ ಬಡಿಸಿ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಮೇಜಿನ ತುದಿಯಲ್ಲಿ ನಿಲ್ಲುತ್ತಿದ್ದಳು. ಭಾವ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಅವರು ಕಣ್ಣು ತೆರೆಯುವ ತನಕ ಬೇರೆ ಯಾರೂ ಚಮಚ ಎತ್ತುವಂತಿರಲಿಲ್ಲ. ತೆರೆದು ಒಂದು ಮಾತು: ‘ಉಪ್ಪು.’ ಅಥವಾ ‘ಖಾರ.’ ಅಥವಾ ‘ಹಸಿ.’ ಕೆಲವು ಸಲ ‘ಅವಸರ’ ಎನ್ನುತ್ತಿದ್ದರು, ಅಂದರೆ ಒಲೆಯ ಉರಿ ಜೋರಾಗಿಟ್ಟು ಬೇಗ ಇಳಿಸಿದ್ದೀಯ ಎಂದು. ಏನೂ ತಪ್ಪು ಸಿಗದಿದ್ದ ದಿನ ‘ಹ್ಞೂಂ’ ಎಂದು ಮುಂದುವರಿಯುತ್ತಿದ್ದರು. ಆ ‘ಹ್ಞೂಂ’ ಬಂದ ದಿನ ಅಕ್ಕನ ಮುಖ ನೋಡಬೇಕಿತ್ತು. ಹಬೆಯಲ್ಲಿ ಬೆಂದವಳು ಫ್ಯಾನಿನ ಕೆಳಗೆ ಬಂದು ನಿಂತ ಹಾಗೆ ಇರುತ್ತಿದ್ದಳು.

ನನಗೆ ಮೈ ಉರಿಯುತ್ತಿತ್ತು. “ಚೆನ್ನಾಗಿದೆ ಅಂದರೆ ಅವರ ಗಂಟೇನು ಹೋಗುತ್ತೆ ಅಕ್ಕಾ?” ಎಂದು ಕೇಳಿದರೆ ಅವಳು ಭಾವನ ಪರವಾಗಿಯೇ ವಾದಿಸುತ್ತಿದ್ದಳು.

“ಅವರ ನಾಲಿಗೆ ಸುಮ್ಮನೆ ಹೇಳಲ್ಲ ಕಣೆ. ಕಾರ್ಖಾನೆಯವರೇ ನಂಬ್ತಾರೆ, ನಾನು ನಂಬದೆ ಇರ್ತೀನಾ? ಒಂದಲ್ಲ ಒಂದು ದಿನ ಚೆನ್ನಾಗಿದೆ ಅಂತಾರೆ ನೋಡು. ಅವರು ಅಂದರು ಅಂದಮೇಲೆ ಅದು ನಿಜವಾಗ್ಲೂ ಚೆನ್ನಾಗಿದೆ ಅಂತಲೇ ಅರ್ಥ.”

ಆ ಒಂದು ಮಾತಿಗಾಗಿ ಅವಳು ಯೌವನ ಕಳೆದಳು. ಅವಳ ಮಗಳು ಅಷ್ಟು ತಾಳ್ಮೆಯವಳಲ್ಲ. ನರ್ಸಿಂಗ್ ಕಲಿಯಲು ಬೇರೆ ಊರಿನ ಹಾಸ್ಟೆಲ್ ಸೇರಿದ ವಾರ ನನಗೆ ಫೋನ್ ಮಾಡಿ, “ಇಲ್ಲಿ ಊಟ ಬಾಯಿಗಿಡೋ ಹಾಗಿಲ್ಲ ಚಿಕ್ಕಮ್ಮ, ಆದ್ರೆ ಯಾರೂ ಕಣ್ಣು ಮುಚ್ಚಲ್ಲ” ಅಂದಳು. ನಾನು ಅವರ ಮನೆಯಲ್ಲಿ ಊಟ ಮಾಡುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ. ನಾನು ಕೈಯಾರೆ ಮಾಡಿ ಒಯ್ದ ಕೇಕಿಗೆ ಭಾವ ‘ಸೋಡಾ’ ಎಂದರು, ಡಬ್ಬ ಮುಚ್ಚಿಕೊಂಡು ಹೊರಟು ಬಂದೆ. ಆಮೇಲೆ ಅಕ್ಕನೇ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದು ಹೋಗುವುದು ರೂಢಿಯಾಯಿತು. ಗಿರಾಕಿಗಳು ಇಲ್ಲದಾಗ ಇಬ್ಬರೂ ಕಣ್ಣು ಪರೀಕ್ಷೆಯ ಕುರ್ಚಿಯ ಹತ್ತಿರ ಕೂತು ಹರಟುತ್ತಿದ್ದೆವು.

ಒಂದು ವರ್ಷ ಭಾವನಿಗೆ ಕೆಟ್ಟ ಜ್ವರ ಬಂತು. ಮೂಗು, ಗಂಟಲು ಎಲ್ಲ ಕಟ್ಟಿಕೊಂಡು ಹಾಸಿಗೆ ಹಿಡಿದರು. ಚೇತರಿಸಿಕೊಂಡು ಕೆಲಸಕ್ಕೆ ಹೋದ ಸ್ವಲ್ಪ ಕಾಲಕ್ಕೆ ಕಾರ್ಖಾನೆಯವರು ಅವರನ್ನು ರುಚಿ ಮೇಜಿನಿಂದ ಎಬ್ಬಿಸಿ ಗೋದಾಮಿನ ಉಸ್ತುವಾರಿಗೆ ಹಾಕಿದರು. ಬಡ್ತಿ ಎಂದರು ಭಾವ. ಅಕ್ಕ ಬೀದಿಗೆಲ್ಲ ಬಡ್ತಿ ಎಂದು ಹೇಳಿಕೊಂಡು ಬಂದಳು. ಬಡ್ತಿ ಸಿಕ್ಕವರ ಮುಖ ಹೀಗಿರುತ್ತದೆಯೇ ಎಂದು ನನಗೆ ಅನ್ನಿಸಿದ್ದು ನಿಜ. ಆದರೆ ಅಕ್ಕ ಹೇಳುತ್ತಿದ್ದ ಪ್ರಕಾರ ಮನೆಯ ಊಟದ ಮೇಜಿನಲ್ಲಿ ಏನೂ ಬದಲಾಗಿರಲಿಲ್ಲ. ಕಣ್ಣು ಮುಚ್ಚುವುದು, ತೆರೆಯುವುದು, ‘ಉಪ್ಪು’ ಎನ್ನುವುದು ಹಾಗೇ ನಡೆದಿತ್ತು. ಇನ್ನೂ ಹೇಳಬೇಕೆಂದರೆ, ಜ್ವರದ ನಂತರ ‘ಹ್ಞೂಂ’ ಎನ್ನುವ ದಿನಗಳು ಕಡಿಮೆಯಾದವು. ಅಕ್ಕ ತನಗೆ ವಯಸ್ಸಾಯಿತು, ಕೈ ಹದ ತಪ್ಪುತ್ತಿದೆ ಎಂದು ತನ್ನನ್ನೇ ಬೈದುಕೊಂಡಳು.

ಅಂಥ ಮನೆಗೆ ನಾಯಿಮರಿ ಬಂತು.

ಅಕ್ಕ ಬಿಡುವಿನಲ್ಲಿ ಹೊಲಿಗೆ ಮಾಡುತ್ತಿದ್ದಳು. ಪ್ರಾಣಿಗಳ ಆಸ್ಪತ್ರೆಯವರಿಗೆ ಏಪ್ರನ್ನು ಹೊಲಿದು ಕೊಡಲು ಹೋದಾಗ ಅಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಕಂದು ಬಣ್ಣದ ಒಂದು ಮರಿ ಇತ್ತು. ಯಾರೋ ಬಾಗಿಲಲ್ಲಿ ಬಿಟ್ಟು ಹೋಗಿದ್ದರಂತೆ. ಅಕ್ಕ ಬಗ್ಗಿ ನೋಡಿದಳು, ಅದು ಅವಳ ಬೆರಳನ್ನು ಬಾಯೊಳಗೆ ಎಳೆದುಕೊಂಡಿತು. ಅಷ್ಟೇ, ಆಸ್ಪತ್ರೆಯಿಂದ ಅದು ಅಕ್ಕನ ಚೀಲದಲ್ಲೇ ಹೊರಬಂತು. ಡಾಕ್ಟರಮ್ಮ ಹೊರಡುವಾಗ ಕೂರಿಸಿ ಹೇಳಿದ್ದರು: “ಮರಿಗಳಿಗೆ ಅಂತಲೇ ಮಾಡಿರೋ ಡ್ರೈ ಫುಡ್ ತಗೊಳ್ಳಿ, ದೊಡ್ಡ ನಾಯಿದು ಬೇಡ. ಏನೇನು ಹಾಕಿದ್ದಾರೆ ಅಂತ ಬರೆದಿರ್ತಾರಲ್ಲ, ಅದರಲ್ಲಿ ಮಾಂಸ ಮೊದಲು ಬರಬೇಕು. ಸೀಲ್ ಒಡೆಯದಿರೋ ಚಿಕ್ಕ ಚೀಲ ತಗೊಳ್ಳಿ, ತಾರೀಖು ನೋಡಿ. ಬಿಸಿನೀರಲ್ಲಿ ಸ್ವಲ್ಪ ನೆನೆಸಿ ಕೊಡಿ.”

ಭಾವ ಗೋದಾಮಿನಿಂದ ಬಂದವರು ಮರಿಯನ್ನೂ ನೋಡಿದರು, ಅಕ್ಕನ ಮುಖವನ್ನೂ ನೋಡಿದರು. ಬೇಡ ಎಂದಿದ್ದರೆ ಅಕ್ಕ ಆಗಲೇ ಪೆಟ್ಟಿಗೆ ಎತ್ತಿಕೊಂಡು ಆಸ್ಪತ್ರೆಗೆ ವಾಪಸ್ ಹೋಗುತ್ತಿದ್ದಳು. ಬೇಡ ಎನ್ನಲಿಲ್ಲ.

“ಇರಲಿ. ಆದರೆ ಅದರ ಊಟ ನಾನು ಆರಿಸ್ತೀನಿ,” ಅಂದರು. “ತಿಂದು ಮೈ ಹಿಡಿದರೆ ಇರುತ್ತೆ. ಹಿಡಿಯಲಿಲ್ಲ ಅಂದರೆ ವಾಪಸ್.”

ಅಕ್ಕನಿಗೆ ಇದು ಷರತ್ತು ಎನ್ನಿಸಲೇ ಇಲ್ಲ, ವರ ಎನ್ನಿಸಿತು. ಊರಿಗೇ ರುಚಿ ನೋಡಿದವರು ತನ್ನ ಮರಿಗೆ ರುಚಿ ನೋಡುತ್ತಾರೆಂದು ಅಂಗಡಿಗೆ ಬಂದು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಳು. ಅವಳ ಕೈಮೇಲೆಲ್ಲ ಮರಿಯ ಹಲ್ಲಿನ ಗೀರುಗಳಿದ್ದವು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಎಷ್ಟೋ ಕಾಲವಾಗಿತ್ತು.

ನಾಯಿ ಬೆಕ್ಕುಗಳ ಆಹಾರ ಮಾರುವ ಅಂಗಡಿಗೆ ಇಬ್ಬರೂ ಹೋದರು. ಅಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಬಿಡಿಬಿಡಿಯಾಗಿ ಹೇಳಿದ್ದಾಳೆ. ಗೋಡೆಯ ತುಂಬ ಬಣ್ಣಬಣ್ಣದ ಚೀಲಗಳು, ಒಂದೊಂದರ ಮೇಲೂ ನಗುವ ನಾಯಿಯ ಚಿತ್ರ. ಅಕ್ಕ ಡಾಕ್ಟರಮ್ಮ ಹೇಳಿದ್ದನ್ನು ನೆನಪು ಮಾಡಿಕೊಂಡು, ಮರಿಯ ಚಿತ್ರವಿದ್ದ ಒಂದು ಚಿಕ್ಕ ಚೀಲ ಎತ್ತಿ, ಹಿಂದೆ ಬರೆದದ್ದನ್ನು ಓದಲು ಕನ್ನಡಕ ಹುಡುಕುತ್ತಿದ್ದಳು. ಭಾವ ನಕ್ಕರು.

“ಓದಿ ರುಚಿ ತಿಳಿಯೋ ಹಾಗಿದ್ದರೆ ಕಾರ್ಖಾನೆಯವರು ನನ್ನ ಯಾಕೆ ಸಾಕ್ತಿದ್ದರು? ಇಡು ಅದನ್ನ.”

ಸೀಲು ಹಾಕಿದ ಚೀಲವನ್ನು ಒಡೆದು ರುಚಿ ನೋಡಲು ಅಂಗಡಿಯವನು ಬಿಡುತ್ತಾನೆಯೇ? ಬಿಡುವುದಿಲ್ಲ. ರುಚಿ ನೋಡದೆ ಭಾವ ಕೊಳ್ಳುತ್ತಾರೆಯೇ? ಕೊಳ್ಳುವುದಿಲ್ಲ. ಹಾಗಾಗಿ ಅವರು ಅಂಗಡಿಯ ಹಿಂಬದಿಗೆ ಹೋದರು. ಅಲ್ಲಿ ಬಿಡಿಯಾಗಿ ತೂಗಿ ಮಾರುವ ದೊಡ್ಡ ಮೂಟೆಗಳಿದ್ದವು, ಬಾಯಿ ಬಿಚ್ಚಿ ಎಷ್ಟು ಕಾಲವಾಗಿತ್ತೋ ದೇವರೇ ಬಲ್ಲ. ಭಾವ ಒಂದು ಕಾಳು ತೆಗೆದು ಮುರಿದರು, ಮೂಗಿಗೆ ಹಿಡಿದರು, ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು, ಕರವಸ್ತ್ರಕ್ಕೆ ಉಗುಳಿದರು. ನಾಯಿಯ ಆಹಾರವನ್ನು ಬಾಯಿಗಿಟ್ಟ ಗಿರಾಕಿಯನ್ನು ಅಂಗಡಿಯವನು ಮೊದಲ ಸಲ ನೋಡಿದ್ದ, ತಕ್ಕಡಿ ಬಿಟ್ಟು ನಿಂತುಬಿಟ್ಟಿದ್ದ. ನೋಡುವವರಿದ್ದರೆ ಭಾವನಿಗೆ ಇನ್ನೂ ಹುರುಪು. ಪ್ರತಿ ಮೂಟೆಯ ಮುಂದೂ ಹಾಗೇ ಮಾಡಿ, ಮೂಲೆಯ ಮೂಟೆಯ ಮೇಲೆ ಕೈಯಿಟ್ಟು, “ಇದೇ” ಎಂದರು.

ಆ ಮೂಟೆಯ ಹತ್ತಿರ ಹೋದಾಗಲೇ ಅಕ್ಕನ ಮೂಗಿಗೆ ಏನೋ ಬಡಿದಿತ್ತು. ಭಾವ ‘ಇದೇ’ ಎಂದಮೇಲೆ ಅದು ಬಡಿಯಲಿಲ್ಲ ಎಂದು ತೀರ್ಮಾನಿಸಿದಳು.

ಮನೆಗೆ ತಂದು ಬಟ್ಟಲಿಗೆ ಹಾಕಿದರು. ಮರಿ ಓಡಿ ಬಂತು, ಮೂಸಿತು, ಹಿಂದೆ ಸರಿಯಿತು. ಮುಂಗಾಲಿನಿಂದ ನೆಲ ಕೆರೆಯಿತು, ಹೊಲಸನ್ನು ಮುಚ್ಚುವ ಹಾಗೆ. ಅಕ್ಕ ಬಿಸಿನೀರಲ್ಲಿ ನೆನೆಸಿ ಕೊಟ್ಟಳು. ಬಿಸಿಗೆ ವಾಸನೆ ಇನ್ನೂ ಎದ್ದಿತು, ಮರಿ ಮೇಜಿನ ಕೆಳಗೆ ಹೋಗಿ ಕೂತುಕೊಂಡಿತು. ಮರುದಿನವೂ ಅದೇ. ಅದರ ಪಕ್ಕೆಲುಬು ಕೈಗೆ ಸಿಗತೊಡಗಿತು. ಅಕ್ಕ ಬಟ್ಟಲು ಹಿಡಿದುಕೊಂಡು ಮನೆಯಿಡೀ ಅದರ ಹಿಂದೆ ತಿರುಗಿದಳು. ತಿನ್ನದಿದ್ದರೆ ಅದು ಹೋಗುತ್ತದೆ ಎನ್ನುವುದು ಅವಳ ತಲೆಯಲ್ಲಿ ಕೊರೆಯುತ್ತಿತ್ತು.

“ನೀನು ಕದ್ದು ಏನೋ ಹಾಕ್ತಿದ್ದೀಯ,” ಎಂದರು ಭಾವ. “ಅದಕ್ಕೇ ಇದನ್ನ ಮುಟ್ಟಲ್ಲ.”

“ಇಲ್ಲ ರೀ. ಆಣೆಗೂ ಇಲ್ಲ.”

ಅಲ್ಲಿಯವರೆಗೆ ನಿಜವಾಗಿಯೂ ಹಾಕಿರಲಿಲ್ಲ. ಈ ಮಾತಾದ ಮರುದಿನ ಕರುಳು ತಡೆಯಲಾರದೆ ಒಂದು ಮೊಟ್ಟೆ ಬೇಯಿಸಿ ಕಿವುಚಿ ಕೊಟ್ಟಳು. ಮರಿ ಬಟ್ಟಲನ್ನೇ ನುಂಗುವ ಹಾಗೆ ತಿಂದಿತು. ಕಸದ ಬುಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಭಾವನ ಕಣ್ಣಿಗೆ ಬಿತ್ತು. ಇನ್ನೇನು ಬೇಕಿತ್ತು ಅವರಿಗೆ? ಕಳ್ಳತನ ಕೈಗೆ ಸಿಕ್ಕಿತ್ತು. ಅದರ ನಾಲಿಗೆ ಕೆಡಿಸಿದವಳು ನೀನೇ, ನನ್ನ ಆಯ್ಕೆಯಲ್ಲಿ ತಪ್ಪಿಲ್ಲ ಎಂದು ಹೇಳಿ, ಹಸಿವೇ ಅದಕ್ಕೆ ಪಾಠ ಕಲಿಸುತ್ತದೆ ಎಂದು ಬಟ್ಟಲನ್ನು ತಾವೇ ಇಡತೊಡಗಿದರು. ಕೊನೆಗೆ ಹಸಿವು ಪಾಠ ಕಲಿಸಿತು. ಮರಿ ಕಣ್ಣು ಅರೆಮುಚ್ಚಿಕೊಂಡು ತಿಂದಿತು, ತಿಂದದ್ದನ್ನೆಲ್ಲ ಅಡುಗೆಮನೆಯ ನೆಲದ ಮೇಲೆ ಕಾರಿಕೊಂಡಿತು. ಅಕ್ಕ ಒರೆಸಿದಳು. ಮತ್ತೆ ತಿಂದಿತು, ಮತ್ತೆ ಕಾರಿತು.

ಒಂದು ಮಧ್ಯಾಹ್ನ ಅಕ್ಕ ಹೊಲಿದ ದಿಂಬಿನ ಕವರುಗಳನ್ನು ಬಟ್ಟೆ ಅಂಗಡಿಗೆ ಕೊಟ್ಟು ಬರುವಷ್ಟರಲ್ಲಿ ಮೇಜಿನ ಕೆಳಗೆ ಮರಿ ಇರಲಿಲ್ಲ. ರಟ್ಟಿನ ಪೆಟ್ಟಿಗೆಯೂ ಇರಲಿಲ್ಲ. ಭಾವ ಪೇಪರ್ ಓದುತ್ತಿದ್ದರು.

“ಮಾತು ಮಾತೇ,” ಎಂದರು, ಪೇಪರ್ ಇಳಿಸದೆ.

ಅಕ್ಕ ಒಳಗೆ ಹೋಗಿ ಅನ್ನಕ್ಕಿಟ್ಟಳು.

ಕೆಲವು ದಿನ ಬಿಟ್ಟು ಒಂದು ತಗಡಿನ ಡಬ್ಬ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಮರಿಗೆ ತಂದಿದ್ದರಲ್ಲಿ ಮಿಕ್ಕಿದ್ದು, ಬಿಸಾಡಲು ಮನಸ್ಸಿಲ್ಲ, ನಿನ್ನ ಬೀದಿಯ ನಾಯಿಗಳಿಗೆ ಹಾಕೋಣ ಎಂದಳು. ಅಂಗಡಿಯ ಮೆಟ್ಟಿಲಲ್ಲಿ ಮಲಗುವ ಕುಂಟ ನಾಯಿ ಒಂದಿದೆ, ಕಾಗದವನ್ನೂ ಬಿಡದ ಪ್ರಾಣಿ ಅದು. ಅದರ ಮುಂದೆ ಒಂದು ಹಿಡಿ ಸುರಿದಳು. ಅದು ಎದ್ದು, ಮೂಸಿ, ನನ್ನ ಮುಖ ನೋಡಿ, ಎದುರು ಅಂಗಡಿಯ ಮೆಟ್ಟಿಲಿಗೆ ಹೋಗಿ ಮಲಗಿತು. ಅಷ್ಟರಲ್ಲಿ ತೆರೆದ ಡಬ್ಬದ ವಾಸನೆ ನನಗೂ ಬಡಿಯಿತು.

“ಅಕ್ಕಾ, ಮುಚ್ಚು ಅದನ್ನ. ಎಣ್ಣೆ ಕೆಟ್ಟು ಕಮಟು ನಾತ ಬರ್ತಿದೆ.”

ಅಕ್ಕ ಮುಚ್ಚಲಿಲ್ಲ. ಡಬ್ಬ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

“ನಿಂಗೂ ಬರ್ತಿದೆಯಾ?”

“ಬೀದಿಗೆಲ್ಲ ಬರ್ತಿದೆ.”

“ನಂಗೆ ಆವತ್ತು ಅಂಗಡಿಯಲ್ಲೇ ಬಂದಿತ್ತು,” ಎಂದಳು. “ಹಳೇ ಪೇಂಟಿನ ಥರ. ಅವರು ಇದೇ ಅಂದರು. ನನ್ನ ಮೂಗೇ ಕೆಟ್ಟಿರಬೇಕು ಅಂದುಕೊಂಡೆ. ಮರಿ ಬೇಡ ಬೇಡ ಅಂತಿದ್ದರೂ ನಾನೇ ಬಾಯಿಗೆ ಹಿಡಿದೆ ಕಣೆ.”

ಮೆಟ್ಟಿಲ ಮೇಲೆ ಕೂತುಬಿಟ್ಟಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಇಷ್ಟು ಸ್ಪಷ್ಟವಾದ ಮೂಗು ಇಟ್ಟುಕೊಂಡು ಇನ್ನೊಬ್ಬರ ಮೂಗನ್ನು ನಂಬಿದ್ದಳಲ್ಲ ಎಂದು. ಆದರೆ ಒಂದು ವಿಷಯ ತಲೆಗೆ ಹತ್ತಲಿಲ್ಲ. ಭಾವ ಕೊಂಕು ಮನುಷ್ಯ ಇರಬಹುದು, ಆದರೆ ಅವರ ನಾಲಿಗೆ ದಡ್ಡ ಅಲ್ಲ. ಕಾರ್ಖಾನೆಯೇ ನಂಬಿದ ನಾಲಿಗೆ ಈ ನಾತವನ್ನು ಒಪ್ಪಿದ್ದು ಹೇಗೆ?

ನಮ್ಮ ಅಂಗಡಿಗೆ ಒಂದು ಬಗೆಯ ಗಿರಾಕಿಗಳು ಬರುತ್ತಾರೆ. ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಳ್ಳಲು ಅವರಿಗೆ ಅವಮಾನ. ಕುರ್ಚಿಯಲ್ಲಿ ಕೂರುವ ಮೊದಲೇ ಹಲಗೆಯ ಹತ್ತಿರ ಹೋಗಿ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದು, ಕೂತ ಮೇಲೆ ಓದುವ ಹಾಗೆ ನಟಿಸುತ್ತಾರೆ. ನಾನು ಹಲಗೆ ಬದಲಾಯಿಸಿದರೂ ಹಳೆಯ ಅಕ್ಷರಗಳನ್ನೇ ಜೋರಾಗಿ ಒಪ್ಪಿಸುತ್ತಾರೆ. ಅವರ ದನಿಯಲ್ಲಿ ಅನುಮಾನವೇ ಇರುವುದಿಲ್ಲ, ಅದೇ ಗುರುತು. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಡಬ್ಬದ ಮುಚ್ಚಳ ಒತ್ತಿ ಮುಚ್ಚಿ, “ಜ್ವರ ಬಿಟ್ಟ ಮೇಲೆ ಒಂದ್ಸಲ ಅವರ ಪಕ್ಕದಲ್ಲೇ ಹಾಲು ಸೀದು ಕರಕಲಾಗಿತ್ತು. ಪೇಪರ್ ಓದ್ತಾನೇ ಇದ್ದರು,” ಎಂದಳು. ಆಮೇಲೆ ಎದ್ದು, “ಭಾನುವಾರ ಊಟಕ್ಕೆ ಬಾ,” ಎಂದಳು.

ಹೋದೆ. ಅಕ್ಕ ಬೇಳೆ, ತರಕಾರಿ, ಅನ್ನ ಮಾಡಿದ್ದಳು. ಭಾವ ನನ್ನನ್ನು ನೋಡಿ, “ಏನಮ್ಮಾ, ದಾರಿ ತಪ್ಪಿ ಬಂದೆಯಾ?” ಎಂದರು. ಒಳ್ಳೆಯ ಹುಮ್ಮಸ್ಸಿನಲ್ಲಿದ್ದರು. ಅಕ್ಕ ಬಡಿಸಿ ಎಂದಿನ ಜಾಗದಲ್ಲಿ ನಿಂತಳು. ಭಾವ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ತೆರೆದರು.

“ಉಪ್ಪು,” ಎಂದರು. ನಾನು ಇದ್ದೆನೆಂದೋ ಏನೋ, ಎರಡನೆಯ ಮಾತನ್ನೂ ಕರುಣಿಸಿದರು. “ಜಾಸ್ತಿ.”

ನಾನು ನನ್ನ ತಟ್ಟೆಯಿಂದ ಒಂದು ಚಮಚ ಬಾಯಿಗಿಟ್ಟೆ. ಬರೀ ನೀರು. ಬೇಳೆಗಾಗಲಿ ತರಕಾರಿಗಾಗಲಿ ಒಂದು ಹರಳು ಉಪ್ಪು ಬಿದ್ದಿರಲಿಲ್ಲ.

“ಇವತ್ತು ಯಾವುದಕ್ಕೂ ಉಪ್ಪೇ ಹಾಕಿಲ್ಲ ರೀ,” ಎಂದಳು ಅಕ್ಕ. ದನಿ ಏರಿಸಲಿಲ್ಲ. ಅಡುಗೆಮನೆಯಲ್ಲಿ ಏನೋ ಖಾಲಿಯಾಗಿದೆ ಎಂದು ಹೇಳುವಾಗ ಹೇಗೆ ಹೇಳುತ್ತಿದ್ದಳೋ ಹಾಗೇ ಹೇಳಿದಳು.

ಭಾವ ಚಮಚ ಕೆಳಗಿಟ್ಟರು. ಸಿಟ್ಟು ಮಾಡುತ್ತಾರೆ, ತಟ್ಟೆ ತಳ್ಳುತ್ತಾರೆ ಎಂದು ಕಾದೆ. ಮಾಡಲಿಲ್ಲ. ಅವರ ಮುಖ ಒಮ್ಮೆಲೇ ಮುದಿಯಾಯಿತು. ಅಯ್ಯೋ ಅನ್ನಿಸಬೇಕಿತ್ತು, ನನಗೆ ಅನ್ನಿಸಲಿಲ್ಲ.

“ಯಾವಾಗಿಂದ?” ಎಂದಳು ಅಕ್ಕ.

“ಜ್ವರದಿಂದ. ವಾಸನೆ ಹೋಯ್ತು, ರುಚಿನೂ ಹೋಯ್ತು. ಬರುತ್ತೆ ಅಂದರು, ಬರಲಿಲ್ಲ. ಕಾರ್ಖಾನೆಯಲ್ಲಿ ಗೊತ್ತಾಯ್ತು. ಕೆಟ್ಟ ಬೆಣ್ಣೆ ಹಾಕಿದ್ದನ್ನ ಪಾಸ್ ಮಾಡಿಬಿಟ್ಟಿದ್ದೆ.”

“ಬಡ್ತಿ ಅಂದಿರಿ.”

ಭಾವ ಚಮಚವನ್ನು ತಟ್ಟೆಯ ಅಂಚಿಗೆ ಸರಿಸಿದರು.

“ಮತ್ತೆ ಆಮೇಲೂ ದಿನಾ ಉಪ್ಪು, ಖಾರ ಅಂತಿದ್ದಿರಲ್ಲ?”

ಅವರು ತಟ್ಟೆ ನೋಡುತ್ತ ಕೂತಿದ್ದರು. ಇದರಲ್ಲಿ ಕೇಳುವುದೇನಿದೆ ಎನ್ನುವವರ ಹಾಗೆ ಹೇಳಿದರು: “ನೀನು ಅಲ್ಲಿ ನಿಂತು ಕಾಯ್ತಿದ್ದೆಯಲ್ಲ. ಏನಾದರೂ ಒಂದು ಹೇಳಲೇಬೇಕಿತ್ತಲ್ಲ.”

ಅಕ್ಕ ಅವರನ್ನು ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಹಿಂದಿನ ಊಟಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿದ್ದಳು. ಯಾವ ‘ಉಪ್ಪು’ ನಿಜದ್ದು, ಯಾವುದು ಸುಳ್ಳಿನದು? ಯಾವ ದಿನ ತಾನು ಸುಮ್ಮನೆ ಅತ್ತಿದ್ದು, ಯಾವ ದಿನ ಅಳಬೇಕಾಗಿತ್ತು? ಬೇರ್ಪಡಿಸಲು ಅವಳಿಗೆ ದಾರಿಯೇ ಇರಲಿಲ್ಲ. ಹಾಗೆ ಬೇರ್ಪಡಿಸಲಾಗದ ಬದುಕನ್ನು ಅವಳ ಕೈಗೆ ಕೊಟ್ಟು, ಆ ಮನುಷ್ಯ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು.

“ಮರಿ ನಿಮಗಿಂತ ಮೊದಲೇ ಹೇಳಿತ್ತು,” ಎಂದಳು ಅಕ್ಕ. “ನಾನೇ ಕೇಳಿಸಿಕೊಳ್ಳಲಿಲ್ಲ.”

ಮರಿ ಎಲ್ಲಿದೆ ಎಂದು ತಿಳಿಯಲು ಮರುವಾರ ಆಸ್ಪತ್ರೆಗೆ ಹೋದೆವು. ಅಲ್ಲಿಯ ಆಯಾ ಮನೆಗೆ ಒಯ್ದಿದ್ದಾಳೆ ಎಂದರು ಡಾಕ್ಟರಮ್ಮ. ಬರಿಗೈಯಲ್ಲಿ ಹೋಗುವುದು ಹೇಗೆಂದು ಅಕ್ಕ ಮತ್ತೆ ಅದೇ ಆಹಾರದ ಅಂಗಡಿಗೆ ನಡೆದಳು. ಅಂಗಡಿಯವನು ಗುರುತು ಹಿಡಿದು, “ಯಜಮಾನರು ಬರಲಿಲ್ವಾ?” ಎಂದ. ಅಕ್ಕ ಅವನನ್ನು ದಾಟಿ ಗೋಡೆಯ ಹತ್ತಿರ ಹೋದಳು. ಕನ್ನಡಕ ಹಾಕಿಕೊಂಡು ಒಂದೊಂದೇ ಚೀಲ ತಿರುಗಿಸಿ ಓದಿದಳು. ಮಾಂಸಕ್ಕಿಂತ ಮೊದಲು ಜೋಳದ ಹಿಟ್ಟು ಬರೆದಿದ್ದನ್ನು ವಾಪಸ್ ಇಟ್ಟಳು. ದೊಡ್ಡ ನಾಯಿಯದ್ದನ್ನು ಇಟ್ಟಳು. ತಾರೀಖು ಹಳೆಯದಾಗಿದ್ದನ್ನು ಅಂಗಡಿಯವನ ಕೈಗೇ ಕೊಟ್ಟಳು. ಕೊನೆಗೆ ಒಂದು ಚಿಕ್ಕ ಚೀಲ ಉಳಿಯಿತು. ಅದನ್ನು ಎದೆಗವಚಿಕೊಂಡು, “ಇದು,” ಎಂದಳು. ಎಂದವಳು ತಕ್ಷಣ ನನ್ನ ಮುಖ ನೋಡಿದಳು. ಒಪ್ಪಿಗೆಗೆ ಕಾಯುವ ಆ ನೋಟ ನನಗೆ ಗೊತ್ತು, ಎಷ್ಟೋ ವರ್ಷ ಊಟದ ಮೇಜಿನ ತುದಿಯಲ್ಲಿ ಅದನ್ನು ನೋಡಿದ್ದೇನೆ. ನಾನು ಬೇಕೆಂದೇ ಬಾಗಿಲ ಕಡೆ ತಿರುಗಿಕೊಂಡೆ.

ಆಯಾಳ ಮನೆ ಒಂದೇ ಕೋಣೆಯದು, ಹೊರಗೆ ನಲ್ಲಿ, ನಲ್ಲಿಯ ಹತ್ತಿರ ಮರಿ. ಮೈ ತುಂಬಿಕೊಂಡಿತ್ತು. ಅಕ್ಕನನ್ನು ಕಂಡು ಬಾಲ ಆಡಿಸಿತು, ಆದರೆ ಅದು ಎಲ್ಲರಿಗೂ ಆಡಿಸುವ ಬಾಲ. ಅಕ್ಕ ಹೊಸ ಚೀಲ ಒಡೆದು, ಮೂಗಿನ ಹತ್ತಿರ ಹಿಡಿದು ನೋಡಿ, ಕೆಲವು ಕಾಳುಗಳನ್ನು ಅದರ ಮಾಮೂಲಿ ಊಟದ ಜೊತೆ ಬೆರೆಸಿದಳು. ಮರಿ ತಲೆ ತಗ್ಗಿಸಿ ಕಟಕಟ ಎಂದು ತಿನ್ನತೊಡಗಿತು. ಯಾರ ಮುಖವನ್ನೂ ನೋಡಲಿಲ್ಲ. ಬಟ್ಟಲು ನೆಕ್ಕಿ, ನೀರು ಕುಡಿದು, ಆಯಾಳ ಚಪ್ಪಲಿಯ ಮೇಲೆ ಹೋಗಿ ಮಲಗಿತು.

“ಬೇಕಾದರೆ ಕರ್ಕೊಂಡು ಹೋಗಿ ಅಮ್ಮ,” ಎಂದಳು ಆಯಾ. ಒಳ್ಳೆಯ ಹೆಂಗಸು. “ನಿಮ್ಮದೇ ಅಲ್ವಾ. ಆವತ್ತು ಸಾಹೇಬರು ನಿಮಗೆ ನೋಡ್ಕೊಳ್ಳೋಕೆ ಬರಲ್ಲ ಅಂದರು, ಅದಕ್ಕೇ ಇಟ್ಕೊಂಡೆ.”

ಅಕ್ಕ ಅದನ್ನು ಎತ್ತಿಕೊಳ್ಳುತ್ತಾಳೆ ಎಂದೇ ನಾನು ಅವಳ ಕೈಚೀಲದ ಬಾಯಿ ಬಿಡಿಸಿ ನಿಂತಿದ್ದೆ. ಈಗ ತಡೆಯುವವರು ಯಾರಿದ್ದರು? ಭಾವ ಈಗ ಆ ಮನೆಯಲ್ಲಿ ಜೋರಾಗಿ ಕೆಮ್ಮಲೂ ಹಿಂಜರಿಯುತ್ತಿದ್ದರು. ಅಕ್ಕ ಬಗ್ಗಿ ಮರಿಯ ಕಿವಿ ಸವರಿದಳು.

“ಬೇಡಮ್ಮ, ಇಲ್ಲೇ ಇರಲಿ,” ಎಂದಳು. ಬೀದಿಗೆ ಬಂದ ಮೇಲೆ, ನಾನು ಕೇಳುವ ಮೊದಲೇ ಹೇಳಿದಳು: “ಆ ಮನೆಗೆ ಬಂದರೆ ಅದೂ ಮುಖ ನೋಡ್ಕೊಂಡು ತಿನ್ನೋದು ಕಲಿಯುತ್ತೆ ಕಣೆ.”

ಆ ಭಾನುವಾರ ಮತ್ತೆ ಅವಳೇ ಊಟಕ್ಕೆ ಕರೆದಳು. ಭಾವ ಮೇಜಿನ ಮುಂದೆ ಕೂತಿದ್ದರು, ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು. ಅಕ್ಕ ಬಡಿಸಿದಳು. ಬಡಿಸಿ ಒಳಗೆ ಹೋಗಬಹುದಿತ್ತು, ಆದರೆ ಕಾಲು ರೂಢಿಯ ಜಾಗಕ್ಕೇ ಹೋಗಿ ನಿಂತಿತು, ಕೈ ಏಪ್ರನ್ನು ಹಿಡಿಯಿತು. ಭಾವನೂ ರೂಢಿಯಂತೆ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ತೆರೆದಾಗ ಅವಳನ್ನೇ ನೋಡಿದರು. ಪಾಪ, ಏನೋ ದೊಡ್ಡದನ್ನು ಕೊಡುತ್ತಿದ್ದೇನೆ ಎಂದುಕೊಂಡಿದ್ದರು.

“ಚೆನ್ನಾಗಿದೆ,” ಎಂದರು.

ಅಕ್ಕ ಒಳಗೆ ಹೋದಳು. ನಾನು ತಟ್ಟೆ ಎತ್ತಿಕೊಂಡು ಹಿಂದೆಯೇ ಹೋದೆ. ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

“ಕೇಳಿದೆಯಾ?” ಎಂದಳು.

“ಕೇಳಿದೆ.”

“ಈ ಮಾತಿಗೆ ಎಷ್ಟು ವರ್ಷ ಕಾದಿದ್ದೆ ಗೊತ್ತಾ? ಈಗ ಇದನ್ನ ಇಟ್ಕೊಂಡು ಏನು ಮಾಡಲಿ?”

ಅವಳು ಪಾತ್ರೆಯ ಮುಚ್ಚಳ ತೆಗೆದು, ಒಂದು ಚಮಚ ತೆಗೆದುಕೊಂಡು ಬಾಯಿಗಿಟ್ಟಳು. ಕಣ್ಣು ಮುಚ್ಚಲಿಲ್ಲ. ನಿಧಾನವಾಗಿ ನುಂಗಿದಳು.

“ಉಪ್ಪು ಕಮ್ಮಿ,” ಎಂದಳು.

ಡಬ್ಬಿ ತೆಗೆದು ತನ್ನ ತಟ್ಟೆಗೂ ನನ್ನ ತಟ್ಟೆಗೂ ಉಪ್ಪು ಹಾಕಿ, ಡಬ್ಬಿ ಮುಚ್ಚಿ ಒಳಗಿಟ್ಟಳು.